ಕೆಂಪು ಕಾರಿಗೆ ಬಾಡಿದ ಮಾಲೆ

ಕಂತು: ಒಂಬತ್ತು

ಬಾಗಿಲು ಕೂರಲಿಲ್ಲ.

ಇಲಿಯಾಸ ಅದನ್ನು ಮತ್ತೆ ಬಿಚ್ಚಿದ. ಅಂಚಿಗೆ ಸಣ್ಣ ಅರ ಆಡಿಸಿ, ಪುಡಿ ಊದಿ, ಕೀಲಿಗೆ ಸಿಕ್ಕಿಸಿ ಒತ್ತಿದ. ಈ ಸಲ ಕೂತಿತು. ಕೂದಲೆಳೆಯಷ್ಟು ಸಂದು ಉಳಿಯಿತು. ಅಸಲಿ ಕಾರಿನಲ್ಲೂ ಅಷ್ಟು ಸಂದು ಇತ್ತು ಎಂದು ಅವನೇ ಸಮಾಧಾನ ಹೇಳಿಕೊಂಡ.

ಸಬ್‌ಇನ್‌ಸ್ಪೆಕ್ಟರ್ ಕವಿತಾ ತಾನು ತಂದಿದ್ದ ಅಳತೆಗಳನ್ನು ಇನ್ನೊಮ್ಮೆ ಓದಿದಳು. ಬಾಗಿಲಿನ ಉದ್ದ, ಎತ್ತರ, ಕೆಳಗಿನ ಬಾಗು. ಇಲಿಯಾಸ ಒಂದೊಂದನ್ನೂ ಎಂಟರಿಂದ ಭಾಗಿಸಿ, ತನ್ನ ಪುಟ್ಟ ಬಾಗಿಲಿಗೆ ಸ್ಕೇಲು ಹಿಡಿದು ತೋರಿಸಿದ. ಎಲ್ಲವೂ ಹೊಂದಿದವು.

ಹಾಗಾದರೆ ಕಾಲುವೆಗೆ ನೀರು ನಿಲ್ಲಿಸಿದ ವಾರ ಗಂಗಾವತಿ ಹತ್ತಿರದ ಕೆಸರಿನಲ್ಲಿ ಸಿಕ್ಕಿದ್ದು ಯಾವುದೋ ಗುಜರಿ ತಗಡಲ್ಲ. ಅದು ರೈಸ್ ಮಿಲ್ಲಿನ ಹೊನ್ನೂರಪ್ಪನ ಕಳುವಾದ ಕೆಂಪು ಕಾರಿನ ಎಡಬಾಗಿಲು. ಆ ಕಾರನ್ನು ಕದ್ದವನೆಂದು ಪೊಲೀಸರು ಹನ್ನೆರಡು ವರ್ಷದಿಂದ ಹುಡುಕುತ್ತಿರುವುದು ಅದರ ಡ್ರೈವರ್ ಜಮೀರನನ್ನು. ಇಲಿಯಾಸ ಜಮೀರನ ತಮ್ಮ.

"ಹೊರಗ ಹಿಡಿಕಿ ಇಲ್ಲ ಅಂತ ನೀವು ಫೋನಿನ್ಯಾಗ ಹೇಳಿದಾಗ್ಲೇ ನನಗ ಗೊತ್ತಾತ್ರಿ ಮೇಡಂ," ಎಂದ ಇಲಿಯಾಸ. "ಎಂ.ಜಿ.ಎ. ಅಂದ್ರ ಹಳೇ ಇಂಗ್ಲೆಂಡ್ ಗಾಡಿ, ಅದಕ್ಕ ಹೊರಗಿಂದ ಹಿಡಿಕಿ ಇರೋದಿಲ್ಲ. ಒಳಗ ಕೈ ಹಾಕಿ ದಾರ ಜಗ್ಗಬೇಕು. ಇಡೀ ಜಿಲ್ಲಾದಾಗ ಅಂಥಾದ್ದು ಒಂದ ಇತ್ತು."

ಕೊಪ್ಪಳದ ಗಂಗಾವತಿ ರಸ್ತೆಯಲ್ಲಿ ಅವನ ಕಾಕಾ ಉಮರಸಾಬನ ಡೆಂಟಿಂಗ್ ಗ್ಯಾರೇಜಿದೆ. ಅದಕ್ಕೆ ಅಂಟಿಕೊಂಡ ತಗಡಿನ ಕೋಣೆ ಇಲಿಯಾಸನದು. ಇಲ್ಲಿ ಅವನು ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಪುಟ್ಟ ಪ್ರತಿಗಳನ್ನು ಮಾಡಿ ಮಾರುತ್ತಾನೆ. ಅವು ಫೋಮ್ ಶೀಟಿನವು, ವಾರದ ಕೆಲಸ. ಈ ಕಾರು ಬೇರೆ. ಇದಕ್ಕೆ ಗಿರಾಕಿ ಇಲ್ಲ. ಇದನ್ನು ಅವನು ಎರಡು ವರ್ಷದಿಂದ ಮಾಡುತ್ತಿದ್ದಾನೆ.

ಕಿನ್ನಾಳದಿಂದ ತಂದ ಹಗುರ ಮರವನ್ನು ಕೆತ್ತಿ ಅಚ್ಚು ಮಾಡಿದ್ದ. ಅದರ ಮೇಲೆ ಅಲ್ಯೂಮಿನಿಯಂ ತಗಡು ಇಟ್ಟು, ಚರ್ಮ ಸುತ್ತಿದ ಸುತ್ತಿಗೆಯಿಂದ ಬಡಿದು ಮೈ ಎಬ್ಬಿಸಿದ್ದ. ಚಕ್ರದ ಕಡ್ಡಿಗಳು ಸೈಕಲ್ ಬ್ರೇಕಿನ ತಂತಿಯ ಎಳೆಗಳು. ಟೈರು ಹವಾಯಿ ಚಪ್ಪಲಿಯ ರಬ್ಬರು. ಮುಂದಿನ ಗಾಜು ಮಿಠಾಯಿ ಡಬ್ಬಿಯ ಮುಚ್ಚಳ. ಡಯಲುಗಳ ಮೇಲೆ ಒಂದೊಂದು ಹನಿ ಉಗುರುಬಣ್ಣ ಬಿಟ್ಟು ಗಾಜಿನ ಉಬ್ಬು ತಂದಿದ್ದ. ಡ್ರೈವರ್ ಸೀಟು ಒಂದು ಕಡೆ ಒತ್ತಿಹೋಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಗೆ.

ಆ ಸೀಟು ಕೂರಿಸಿದ ದಿನದಿಂದ ಅವನ ತಾಯಿ ರಾಜಾಬೀ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಚಹಾ ತಂದರೆ ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು.

ಉಮರಸಾಬ ಬಾಗಿಲಲ್ಲಿ ಇಣುಕಿ, ಗ್ರೀಸು ಕೈ ಒರೆಸಿಕೊಳ್ಳುತ್ತ ಹೇಳಿದ: "ಟ್ರ್ಯಾಕ್ಟರ್ ಬಾನೆಟ್ ಬಡಿಯಾಕ ಹೇಳಿದ್ರ ನವಾಬನಂಗ ಮುಖ ತಿರುವ್ತಾನ್ರಿ ಇಂವ. ಇದಕ್ಕ ನೋಡ್ರಿ, ಹೆಂಡ್ತಿ ಕಣ್ಣಿಗೆ ಸುರ್ಮಾ ಹಚ್ಚಿದಂಗ ಹಚ್ತಾನ."

"ಹೆಂಡ್ತಿ ಕೊಡೋರು ಯಾರದಾರ ಕಾಕಾ," ಎಂದ ಇಲಿಯಾಸ ತಲೆ ಎತ್ತದೆ.

ಉಮರಸಾಬ ಗ್ಯಾರೇಜಿಗೆ ಮರಳಿದ. ಕುಷ್ಟಗಿಯ ಒಂದು ಮನೆಯವರು ಹೋದ ತಿಂಗಳು ಮಾತುಕತೆ ಮುರಿದಿದ್ದರು. ಹುಡುಗ ಛಲೋ, ಕೈಕೆಲಸ ಛಲೋ, ಆದರೆ ಕಳ್ಳನ ತಮ್ಮ ಎಂದಿದ್ದರು.

ಕವಿತಾ ಅಳತೆಗಳನ್ನು ಜೇಬಿಗಿಟ್ಟಳು. ಹೊರಡಬೇಕಿತ್ತು. ಆದರೆ ಕಣ್ಣು ಆ ಕಾರಿನ ಮೂತಿಯ ಮೇಲೆ ನಿಂತಿತು. ಸಣ್ಣ ಚೆಂಡುಹೂವಿನ ಮಾಲೆಯೊಂದನ್ನು ಇಲಿಯಾಸ ಅದಕ್ಕೆ ಹಾಕಿದ್ದ. ಉಣ್ಣೆಯ ತುಣುಕುಗಳು. ಹಳದಿ ಅಲ್ಲ, ಕೇಸರಿ ಅಲ್ಲ. ಕಂದು.

ಹೂವು ಯಾಕೆ ಬಾಡಿವೆ ಎಂದು ಕೇಳಿದಳು.

ಚಹಾ ನೀರಿನಲ್ಲಿ ನೆನೆಸಿ ಆ ಬಣ್ಣ ತಂದಿದ್ದಾಗಿ ಇಲಿಯಾಸ ಹೆಮ್ಮೆಯಿಂದ ವಿವರಿಸಿದ. ಮೂರು ಸಲ ಕೆಟ್ಟು ನಾಲ್ಕನೇ ಸಲ ಸರಿಯಾಗಿತ್ತಂತೆ.

"ಅದಲ್ಲ. ಬಾಡಿದ್ದು ಯಾಕ ಮಾಡಿದಿ?"

"ಫೋಟೊದಾಗ ಹಂಗ ಅದಾವಲ್ರಿ."

ಫೋಟೊ ಗೋಡೆಯ ಮೇಲಿತ್ತು. ಕಳುವಾದ ವರ್ಷ ಪೊಲೀಸರು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಎಲ್ಲ ಗ್ಯಾರೇಜುಗಳಿಗೂ ಹಂಚಿದ್ದ ಬಣ್ಣದ ಪ್ರತಿ. ಕಾರಿನ ಕೆಳಗೆ ಎರಡು ಸಾಲು: ಈ ವಾಹನ ಕಂಡುಬಂದಲ್ಲಿ ಠಾಣೆಗೆ ತಿಳಿಸಿ; ಚಿತ್ರವನ್ನು ಮಾಲೀಕರು ಆಯುಧಪೂಜೆಯ ಬೆಳಿಗ್ಗೆ ತೆಗೆದದ್ದು. ಕಳ್ಳನ ಮನೆಯ ಗ್ಯಾರೇಜಿಗೆ ಅದನ್ನು ಇಬ್ಬರು ಪೇದೆಗಳು ಖುದ್ದಾಗಿ ಬಂದು ಅಂಟಿಸಿ, ತೆಗೆದರೆ ಕೇಸು ಎಂದು ಹೇಳಿ ಹೋಗಿದ್ದರು. ಯಾರೂ ತೆಗೆಯಲಿಲ್ಲ. ಇಲಿಯಾಸ ಅದರ ಕೆಳಗೇ ಬೆಳೆದ.

ಕವಿತಾ ಹತ್ತಿರ ಹೋಗಿ ನೋಡಿದಳು. ಬಣ್ಣ ಹಾರಿತ್ತು. ಮಾಲೆಯ ಜಾಗದಲ್ಲಿ ಒಂದು ಮಸುಕು ಪಟ್ಟಿ ಕಂಡಿತು.

ಬಣ್ಣ ಹಾರಿದ್ದಕ್ಕೆ ಹೂವು ಬಾಡಿದಂತೆ ಕಾಣುತ್ತಿರಬಹುದು ಎಂದಳು.

ಇಲಿಯಾಸ ಒಪ್ಪಲಿಲ್ಲ. ಬಣ್ಣ ಹಾರಬಹುದು, ಆಕಾರ ಹಾರುವುದಿಲ್ಲ. ಹೊಸ ಮಾಲೆ ಬಾನೆಟ್ಟಿನ ಮೇಲೆ ಉಬ್ಬಿ ನಿಲ್ಲುತ್ತದೆ. ಇದು ಜೋತುಬಿದ್ದು ತಗಡಿಗೆ ಅಂಟಿದೆ. ಭೂತಗನ್ನಡಿ ಕೊಟ್ಟು ನೋಡಲು ಹೇಳಿದ. "ನೋಡೋರಿಗೆ ಮಸುಕು ಅಂದ್ರ ಮುಗೀತ್ರಿ. ಮಾಡೋನಿಗೆ ಹಂಗ ನಡಿಯಂಗಿಲ್ಲ. ಏನರ ಒಂದು ಆಕಾರ ಕೊಡ್ಲೇಬೇಕು. ಒಂದೊಂದ ಕಲೆಗೆ ಒಂದೊಂದ ವಾರ ಕುಂತೀನಿ."

ಕವಿತಾ ಭೂತಗನ್ನಡಿ ತೆಗೆದುಕೊಂಡಳು. ಅವನು ಹೇಳಿದ್ದು ಸರಿ. ಮಾಲೆ ಸತ್ತಿತ್ತು.

ಆಯುಧಪೂಜೆಯ ಬೆಳಿಗ್ಗೆ ಹಾಕಿದ ಮಾಲೆ ಆಯುಧಪೂಜೆಯ ಬೆಳಿಗ್ಗೆಯೇ ಹೀಗಾಗುವುದಿಲ್ಲ.

ಅವಳು ಮತ್ತೆ ಕಾರಿನ ಹತ್ತಿರ ಬಂದು ಕೂತಳು. ಈ ಸಲ ಪೊಲೀಸರು ನೋಡುವ ಹಾಗೆ ನೋಡಲಿಲ್ಲ. ಕಳುವಾದ ಕಾರು ಹುಡುಕುವವರು ನಂಬರ್ ಪ್ಲೇಟ್ ನೋಡುತ್ತಾರೆ. ಹನ್ನೆರಡು ವರ್ಷ ಎಲ್ಲರೂ ಅದನ್ನೇ ನೋಡಿದ್ದರು. ಕವಿತಾ ಬಾನೆಟ್ಟು ಬಿಟ್ಟು ಗಾಜಿನ ಒಳಗೆ ಕಣ್ಣು ಹಾಕಿದಳು. ಸ್ಟೇರಿಂಗ್ ಹಿಂದೆ, ಡ್ಯಾಶ್‌ಬೋರ್ಡಿನ ಮೇಲೆ, ಬೆರಳ ಉಗುರಿಗಿಂತ ಚಿಕ್ಕ ಹಸಿರು ಗೊಂಚಲು.

"ಇದೇನು?"

"ಎಲಿ. ಪೂಜಿದು ಇರ್ಬೇಕ್ರಿ. ಟೂಥ್‌ಬ್ರಷ್ ಎಳಿಗೆ ಬಣ್ಣ ಹಚ್ಚಿ ಮಾಡೀನಿ."

"ಮಾವಿನೆಲಿ ಅಲ್ಲ ಇದು."

"ಅಲ್ರಿ. ಮಾವಿಂದು ಅಗಲ ಇರ್ತದ. ಮೊದಲ ಹುಣಸಿ ಅನ್ಕೊಂಡೆ. ಹುಣಸೀದು ಒಂದ ಕಡ್ಡಿಗೆ ಎಡಕ್ಕ ಬಲಕ್ಕ ಎಲಿ. ಇದರಾಗ ಕಡ್ಡಿಯಿಂದ ಮತ್ತ ಕಡ್ಡಿ ಒಡದಾವ. ಮುಳ್ಳೂ ಅದಾವ, ನೋಡ್ರಿ, ಮೂರು ಕಡೆ ಹಚ್ಚೀನಿ."

ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು. ಎರಡು ವರ್ಷ ಅವನು ಅದರ ಆಕಾರವನ್ನಷ್ಟೇ ನೋಡಿದ್ದ. ಅದು ಏನೆಂದು ಕೇಳಿಕೊಂಡಿರಲಿಲ್ಲ.

ಮುಳ್ಳಿನ ಕಡ್ಡಿಯನ್ನು ಪೂಜೆಯೆಂದು ಕಾರಿನೊಳಗೆ ಯಾರೂ ಇಡುವುದಿಲ್ಲ. ವರ್ಷದಲ್ಲಿ ಒಂದೇ ಒಂದು ಸಂಜೆ ಇಲ್ಲಿಯ ಜನ ಅದನ್ನು ಕೈಯಲ್ಲಿ ಹಿಡಿದು ಮನೆಮನೆಗೆ ಹೋಗುತ್ತಾರೆ. ಗಿಡಕ್ಕೆ ಪೂಜೆಯಾಗುವ ತನಕ ಮುರಿಯುವುದೂ ಇಲ್ಲ.

"ಬನ್ನಿ," ಎಂದಳು ಕವಿತಾ.

ಇಲಿಯಾಸ ಗೋಡೆಯ ಫೋಟೊದತ್ತ ತಿರುಗಿದ.

ಹೊನ್ನೂರಪ್ಪನ ದೂರಿನ ಪ್ರಕಾರ ಜಮೀರ ಕಾರು ಕದ್ದದ್ದು ಆಯುಧಪೂಜೆಯ ರಾತ್ರಿ. ದಶಮಿಯ ಬೆಳಿಗ್ಗೆ ಎದ್ದು ನೋಡಿದರೆ ಶೆಡ್ಡು ಖಾಲಿ. ಆದರೆ ಬನ್ನಿ ಮುಡಿಯುವುದು ದಶಮಿಯ ಸಂಜೆ. ಹಾಗಾದರೆ ಕಳುವಾಗಿದ್ದ ಕಾರು ಮರುದಿನ ಸಂಜೆ ಮಾಲೀಕನ ಎದುರಿಗೇ ನಿಂತು ಫೋಟೊ ತೆಗೆಸಿಕೊಂಡಿದೆ.

"ಅಮ್ಮ ಇದನ್ನ ಹೇಳಿದ್ಲು," ಎಂದ ಇಲಿಯಾಸ. ಅವನ ಧ್ವನಿಯಲ್ಲಿ ಗೆಲುವಿರಲಿಲ್ಲ.

ರಾಜಾಬೀ ಅದನ್ನು ಹನ್ನೆರಡು ವರ್ಷದಿಂದ ಹೇಳುತ್ತಿದ್ದಳು. ದಶಮಿಯ ಸಂಜೆ ಜಮೀರ ಬಸ್ಸಿಗೆ ಮನೆಗೆ ಬಂದಿದ್ದ. ಓಣಿಯವರು ಕೊಟ್ಟ ಬನ್ನಿ ಜೇಬಿನಲ್ಲಿತ್ತು. ಉಂಡ. ಮಾಲೀಕನ ಫೋನು ಬಂತು. ಹೋದ. ಮಗ ಕದ್ದು ಓಡಿದ ಮರುದಿನ ಮನೆಯಲ್ಲಿ ಕೂತು ಉಂಡ ಎಂದರೆ ಯಾವ ಪೊಲೀಸ್ ನಂಬುತ್ತಾನೆ? ತಾಯಿ ಹಾಗೇ ಹೇಳುತ್ತಾಳೆ ಅಂತ ನಕ್ಕರು. ಓಣಿಯವರು ಮೊದಲು ಸಾಕ್ಷಿ ಹೇಳುತ್ತೇವೆಂದರು, ಠಾಣೆಗೆ ಕರೆದಾಗ ದಿನ ನೆನಪಿಲ್ಲ ಎಂದರು.

ಕವಿತಾ ಹೊರಗೆ ಬಂದು ರಾಜಾಬೀಗೆ ವಿಷಯ ಹೇಳಿದಳು. ರಾಜಾಬೀ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ. ಮಗನ ಮೇಲಿನ ಕಳ್ಳನೆಂಬ ಮಾತು ಹೋಗುವ ದಾರಿ ಸಿಕ್ಕಿದೆ ಎಂದರೂ ಮುಖ ಎತ್ತಲಿಲ್ಲ.

"ಕಾಗದದಾಗಿಂದ ಕಳ್ಳ ಅನ್ನೋದನ್ನ ತೆಗಿತೀರೇನು?" ಎಂದು ಕೇಳಿದಳು.

"ಮಿಲ್ಲಿನ ಸಾಹುಕಾರ ಬಾಯಿ ಬಿಟ್ರ ತೆಗಿತೀನ್ರಿ ಅವ್ವಾರ."

"ತೆಗೀರಿ. ಅದಷ್ಟ ಸಾಕು. ಮುಂದ ಹುಡುಕಬ್ಯಾಡ್ರಿ."

ಎಷ್ಟೋ ಮನೆಗಳಲ್ಲಿ ಕವಿತಾ ಇಂಥ ಮಾತು ಕೇಳಿದ್ದಳು. ದಣಿದವರು ಹಾಗೆಯೇ ಹೇಳುತ್ತಾರೆ. ಅವಳು ಅದಕ್ಕೆ ಹೆಚ್ಚಿನ ಬೆಲೆ ಕೊಡಲಿಲ್ಲ.

ಗಂಗಾವತಿಗೆ ಹೋಗುವ ದಾರಿಯುದ್ದಕ್ಕೂ ಕಾರು ಅವಳ ತೊಡೆಯ ಮೇಲಿತ್ತು. ಇಲಿಯಾಸ ಅದನ್ನು ಕೊಡಲು ಒಪ್ಪಿದ್ದು ದೊಡ್ಡ ಮಾತು. ಬ್ರೇಕು ಮೆಲ್ಲಗೆ ಹಾಕಲು ಡ್ರೈವರಿಗೆ ಎರಡು ಸಲ ಹೇಳಿ ಕಳಿಸಿದ್ದ.

ಜೀಪು ಓಡಿಸುತ್ತಿದ್ದ ಕಾನ್‌ಸ್ಟೆಬಲ್ ಯಂಕೇಶ ಬೇಸಿಗೆಯಲ್ಲೂ ಬೆವರದ ಮನುಷ್ಯ. ಅರ್ಧ ದಾರಿಗೆ ಅವನು ಬೆವರತೊಡಗಿದ. ಕನ್ನಡಿಯಲ್ಲಿ ಆ ಒತ್ತಿಹೋದ ಸೀಟು ಕಾಣಿಸುತ್ತದೆ, ಟವೆಲ್ ಮುಚ್ಚಿರಿ ಎಂದ. ಜೀಪು ತಗ್ಗಿಗೆ ಬಿದ್ದಾಗಲೆಲ್ಲ ಪುಟ್ಟ ಸ್ಟೇರಿಂಗ್ ತಾನೇ ತಿರುಗುತ್ತಿತ್ತು. ಚಕ್ರಗಳೂ ಅದರ ಜೊತೆ ತಿರುಗುತ್ತಿದ್ದವು. ಹಾಗೆಯೇ ಕೆಲಸ ಮಾಡುವಂತೆ ಇಲಿಯಾಸ ಅದನ್ನು ಮಾಡಿದ್ದ, ಅಷ್ಟೇ. ಆದರೂ ಕವಿತಾ ಟವೆಲ್ ಮುಚ್ಚಿದಳು.

ರಸ್ತೆಯ ಪಕ್ಕ ಕಾಲುವೆ ಒಣಗಿ ಬಿದ್ದಿತ್ತು. ಕೆಸರು ಬಿರುಕು ಬಿಟ್ಟಿತ್ತು. ಅದರಲ್ಲಿ ಚಪ್ಪಲಿ, ಗಣಪತಿಯ ಕಟ್ಟಿಗೆ ಹಲಗೆ, ಒಂದು ಎಮ್ಮೆಯ ಎಲುಬು. ನೀರಿದ್ದಾಗ ಊರು ಮರೆತದ್ದೆಲ್ಲ ಅಲ್ಲಿ ಬಿದ್ದುಕೊಂಡಿತ್ತು.

ಹೊನ್ನೂರಪ್ಪನ ಮಿಲ್ಲಿನಲ್ಲಿ ಪಾಳಿ ಮುಗಿದು ಹಮಾಲರು ಮೈಗೆ ಹತ್ತಿದ ತೌಡು ತೊಳೆದುಕೊಳ್ಳುತ್ತಿದ್ದರು. ಅಂಗಳದಲ್ಲಿ ಲಾರಿಗಳು ಒಂದಕ್ಕೊಂದು ಒತ್ತಿ ನಿಂತಿದ್ದವು. ಒಂದು ಶೆಡ್ಡು ಮಾತ್ರ ಖಾಲಿ. ನೆಲ ಗುಡಿಸಿ ಇಟ್ಟಿದ್ದರು, ಕೆಂಪು ಕಾರು ನಿಲ್ಲುತ್ತಿದ್ದ ಜಾಗ ಅದು.